ಇಗೋ, ನಾಲ್ಕಾಯಿತು

ಮಾರ್ಚ್ ೩, ಸೋಮವಾರ

ಗೋಪುರದ ಗಂಟೆಗಳು ಇಂದು ಮಧ್ಯಾಹ್ನ ಹನ್ನೆರಡನ್ನು ಹೊಡೆದು ನಿಂತವು. ಜೀರ್ಣೋದ್ಧಾರವಂತೆ. ಕಬ್ಬಿಣದ ಕೊಳವೆಗಳ ಅಟ್ಟಣೆ ಕಟ್ಟಿ, ಅದರ ಮೇಲೆ ಹಸಿರು ಪರದೆ ಹೊದಿಸಿದ್ದಾರೆ. ಅಂಚೆ ಚೀಟಿಯ ಮೇಲೂ ಬಿಸ್ಕತ್ತಿನ ಡಬ್ಬಿಯ ಮೇಲೂ ಅಚ್ಚಾದ, ದೂರದೂರದ ಜನ ಬಂದು ಕತ್ತೆತ್ತಿ ನೋಡಿ ಹೋಗುವ ಆ ಗಡಿಯಾರ ಈಗ ಮುಸುಕು ಹಾಕಿಕೊಂಡು ನಿಂತಿದೆ. ಕೊನೆಯ ಹೊಡೆತವನ್ನು ಕೇಳಲೆಂದು ಚೌಕದಲ್ಲಿ ನೆರೆದಿದ್ದವರು ಚಪ್ಪಾಳೆ ತಟ್ಟಿದರು. ಮೌನಕ್ಕೆ ಚಪ್ಪಾಳೆ ಬಿದ್ದುದನ್ನು ನಾನು ಕಂಡದ್ದು ಇದೇ ಮೊದಲು.

ನಮ್ಮ ಬಾಡಿಗೆಯ ಮನೆ ಮೂರನೆಯ ಅಂತಸ್ತಿನಲ್ಲಿ, ಗೋಪುರಕ್ಕೆ ನೇರ ಎದುರಾಗಿದೆ. ಕಣ್ಣು ಹೋದಂದಿನಿಂದ ನನ್ನವಳಿಗೆ ಆ ಗಂಟೆಗಳೇ ಬೆಳಗು, ಅವೇ ಬೈಗು. ದೊಡ್ಡ ಗಂಟೆಯನ್ನು ಬೀದಿಯವರೆಲ್ಲ ದೊಡ್ಡಮ್ಮ ಎನ್ನುತ್ತಾರೆ. ಕಳೆದ ವರ್ಷ ಬೆನ್ನುಮೂಳೆಯ ಕಾಯಿಲೆ ಹತ್ತಿ ಹಾಸಿಗೆ ಹಿಡಿದ ಮೇಲೆ ಅವಳು ನೋವನ್ನೂ ದೊಡ್ಡಮ್ಮನ ಲೆಕ್ಕದಲ್ಲಿಯೇ ಸಹಿಸುತ್ತ ಬಂದಿದ್ದಾಳೆ. ನೋವಿನ ಮಾತ್ರೆ ಬೆಳಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಹತ್ತಕ್ಕೆ. ನಡುವೆ ಕೊಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಮಧ್ಯಾಹ್ನದ ಊಟವಾದ ಮೇಲೆ ಮಾತ್ರೆಯ ಬಲ ಇಳಿಯತೊಡಗುತ್ತದೆ. ಆಗ ಹಲ್ಲು ಕಚ್ಚಿಕೊಂಡು, "ದೊಡ್ಡಮ್ಮ ಇನ್ನೆರಡು ಸಲ ಹೊಡೀಲಿ, ಅಷ್ಟೇ ತಾನೆ" ಎನ್ನುತ್ತಾಳೆ. ಒಮ್ಮೆ ಹೊಡೆದರೆ, "ಅರ್ಧ ಬೆಟ್ಟ ಹತ್ತಿದ ಹಾಗಾಯ್ತು" ಎನ್ನುತ್ತಾಳೆ.

ಇಂದು ಮೂರಾಯಿತೆಂದು ನಾನೇ ಹೇಳಬೇಕಾಯಿತು.

"ನೀವು ಹೇಳಿದ್ರೆ ದೊಡ್ಡಮ್ಮ ಹೊಡೆದ ಹಾಗೇ," ಎಂದಳು.

ನಮ್ಮ ಭಾಷೆಯಲ್ಲಿ ಗಂಟೆಯೆಂಬ ಒಂದೇ ಶಬ್ದವು ಲೋಹಕ್ಕೂ ಸಲ್ಲುತ್ತದೆ, ಹೊತ್ತಿಗೂ ಸಲ್ಲುತ್ತದೆ. ಲೋಹ ಮೌನವಾದ ಮಾತ್ರಕ್ಕೆ ಹೊತ್ತು ನಿಲ್ಲುವುದಿಲ್ಲವಷ್ಟೆ. ಭಗವಂತನ ದಯೆಯಿಂದ ನನ್ನ ಕೈಗಡಿಯಾರ ಸರಿಯಾಗಿ ನಡೆಯುತ್ತಿದೆ.

ಮಾರ್ಚ್ ೭, ಶುಕ್ರವಾರ

ವ್ಯಾಖ್ಯಾನ ಒಂದು ಸಾಲೂ ಮುಂದುವರಿಯಲಿಲ್ಲ. ಪಾಠಶಾಲೆಯ ಕೆಲಸದಿಂದ ಬಿಡುಗಡೆಯಾದ ಮೇಲೆ ಆ ಹಳೆಯ ವ್ಯಾಕರಣಗ್ರಂಥಕ್ಕೊಂದು ವ್ಯಾಖ್ಯಾನ ಬರೆದಿಟ್ಟು ಕಣ್ಣು ಮುಚ್ಚಬೇಕೆಂಬುದೊಂದೇ ನನ್ನ ಬೇಡಿಕೆ. ಕ್ರಿಯಾಪದಗಳ ಕಾಲವನ್ನು ಹೇಳುವ ಅಧ್ಯಾಯಕ್ಕೆ ಬಂದು ತಿಂಗಳುಗಳಾದವು. ಮಧ್ಯಾಹ್ನವೇ ನನಗೆ ಬರವಣಿಗೆಯ ಹೊತ್ತು. ಈಗ ಅದೇ ಹೊತ್ತಿಗೆ ಅವಳ ಪ್ರಶ್ನೆಗಳು.

"ಎಷ್ಟಾಯ್ತು?"

"ಎರಡೂ ಹತ್ತು."

ಲೇಖನಿಯನ್ನು ಮಸಿಗೆ ಅದ್ದುವಷ್ಟರಲ್ಲಿ, "ಈಗ?"

"ಈಗಲೂ ಎರಡೂ ಹತ್ತೇ."

"ಕೋಪ ಮಾಡ್ಕೋಬೇಡಿ. ಮುಂಚೆ ದೊಡ್ಡಮ್ಮ ಹೇಗೂ ಹೇಳ್ತಾಳಲ್ಲ ಅಂತ ಸುಮ್ಮನೆ ಮಲಗಿರ್ತಿದ್ದೆ. ಈಗ ನಾನು ಕೇಳದೇ ಇದ್ರೆ ಹೊತ್ತೇ ಮುಂದಕ್ಕೆ ಹೋಗಲ್ಲವೇನೋ ಅನ್ಸುತ್ತೆ."

ಕೋಪವೇಕೆ, ಎಂದೆ. ಕೋಪವಿರಲಿಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ತಾಳ್ಮೆಯನ್ನು ಬೇಡಿಕೊಂಡೆ.

ಮಾರ್ಚ್ ೧೨, ಬುಧವಾರ

ನಾದಿನಿ ಬಂದಿದ್ದಳು. ನನ್ನವಳ ಒಬ್ಬಳೇ ತಂಗಿ. ಊರಿನ ಆ ತುದಿಯಲ್ಲಿ, ರೈಲು ನಿಲ್ದಾಣದಾಚೆ ಹೊಲಿಗೆಯಂಗಡಿ ಇಟ್ಟುಕೊಂಡಿದ್ದಾಳೆ. ಭಾನುವಾರ ತಪ್ಪದೆ ಬರುವವಳು ಇಂದು ನಡುವಾರದಲ್ಲಿಯೇ ಬಂದು, ಅಂಗೈಯಗಲದ ಮಾತಾಡುವ ಗಡಿಯಾರವೊಂದನ್ನು ಅಕ್ಕನ ಕೈಗಿಟ್ಟಳು.

"ಈ ಗುಂಡಿ ಒತ್ತಿದ್ರೆ ಸಾಕು ಅಕ್ಕ, ಗಂಟೆ ಹೇಳುತ್ತೆ. ಭಾವನಿಗಿಂತ ವಾಸಿ. ಕೇಳಿದ್ದಕ್ಕೆ ಮಾತ್ರ ಉತ್ತರ, ಜೊತೆಗೆ ವ್ಯಾಕರಣ ಇಲ್ಲ."

ನನ್ನವಳು ಎಷ್ಟು ನಕ್ಕಳೆಂದರೆ ಬೆನ್ನು ಹಿಡಿದುಕೊಂಡು, "ಸಾಕೇ, ಸಾಯಿಸ್ಬೇಡ" ಎನ್ನಬೇಕಾಯಿತು. ಗುಂಡಿ ಒತ್ತಿದಳು. ಪೆಟ್ಟಿಗೆಯೊಳಗಿನ ಹೆಣ್ಣುದನಿ, "ಸಮಯ ಎರಡು ಗಂಟೆ ನಲವತ್ತು ನಿಮಿಷಗಳು ಆಗಿರುತ್ತದೆ" ಎಂದಿತು. ನಿಮಿಷಗಳು ಆಗಿರುತ್ತದೆ! ಬಹುವಚನದ ಕರ್ತೃವಿಗೆ ಏಕವಚನದ ಕ್ರಿಯೆ. ನನ್ನ ಮುಖವನ್ನು ನೋಡಿದ ನಾದಿನಿ, "ಅಕ್ಕ, ಭಾವನಿಗೆ ಹೊಟ್ಟೆನೋವು ಬಂತು" ಎಂದಳು.

ಮಾರ್ಚ್ ೧೯, ಬುಧವಾರ

ಒಂದು ವಾರ ಆ ಅಶುದ್ಧವನ್ನು ಕೇಳಿದೆ. ಊಟದ ಪಾತ್ರೆ ತೊಳೆದು ಮೇಜಿನ ಮುಂದೆ ಕುಳಿತಲ್ಲಿಂದ ಸಂಜೆಯ ಮಾತ್ರೆಯವರೆಗೆ ಪಕ್ಕದ ಕೋಣೆಯಿಂದ ಆಗಿರುತ್ತದೆ, ಆಗಿರುತ್ತದೆ. ಇಂದು ಅವಳು ತುಸು ಕಣ್ಣು ಮುಚ್ಚಿದ್ದಾಗ ಅದರ ಬ್ಯಾಟರಿಗಳನ್ನು ತೆಗೆದು ಸೆಳೆಖಾನೆಯಲ್ಲಿಟ್ಟೆ. ಕೆಟ್ಟುಹೋಯಿತು ಎಂದು ಹೇಳಿದೆ. ಅದರ ಭಾಷೆ ಕೆಟ್ಟದ್ದೇ. ಆದಕಾರಣ ಮಾತಿನಲ್ಲಿ ದೋಷವಿಲ್ಲ.

ಆಮೇಲೆ ನಡೆದದ್ದನ್ನೂ ಬರೆದಿಡುತ್ತೇನೆ. ಎರಡೂವರೆಯ ಸುಮಾರಿಗೆ ನೋವು ಎಂದಿಗಿಂತ ಹೆಚ್ಚಾಗಿ, ಮಂಚದ ಸರಳನ್ನು ಹಿಡಿದು, "ಎಷ್ಟಾಯ್ತು ಹೇಳಿ, ಒಳ್ಳೇ ಮಾತು ಹೇಳಿ" ಎಂದು ಬೇಡಿದಳು. ನನ್ನ ಬಾಯಿಂದ, "ಇಗೋ, ನಾಲ್ಕಾಗುತ್ತ ಬಂತು, ಮೂರೂವರೆ" ಎಂದು ಬಂದಿತು. ಮರುಕ್ಷಣವೇ ಅವಳ ಹಣೆಯ ಗೆರೆಗಳು ಸಡಿಲಿದವು. ಸರಳಿನಿಂದ ಕೈ ಜಾರಿತು. "ಓ, ಅಷ್ಟಾಯ್ತಾ. ಹಾಗಾದ್ರೆ ಆಗುತ್ತೆ" ಎಂದಳು. ಮಾತ್ರೆ ಮಾಡಬೇಕಾದ ಕೆಲಸವನ್ನು ಒಂದು ಮಾತು ಮಾಡಿತು.

ಮಾರ್ಚ್ ೨೦, ಗುರುವಾರ

ತಿಂಗಳುಗಳಿಂದ ಬಿಡಿಸಲಾಗದಿದ್ದ ಸೂತ್ರವು ಇಂದು ಬೆಳಗ್ಗೆ ಪ್ರಾರ್ಥನೆ ಮುಗಿಸಿ ಏಳುತ್ತಿದ್ದಂತೆ ತಾನಾಗಿ ಬಿಡಿಸಿಕೊಂಡಿತು. ಇದನ್ನು ಅನುಗ್ರಹವೆನ್ನದೆ ಏನೆನ್ನಲಿ?

ನಡೆದುಹೋದುದಕ್ಕೆ ಸಲ್ಲುವ ಕ್ರಿಯಾರೂಪವು ನಡೆಯಲಿರುವುದಕ್ಕೂ ಸಲ್ಲುವುದುಂಟೆಂದು ಗ್ರಂಥಕಾರನು ಹೇಳಿ, ಉದಾಹರಣೆ ಕೊಡದೆ ಮುಂದೆ ಹೋಗಿದ್ದಾನೆ. ಉದಾಹರಣೆ ನಮ್ಮ ಬಾಯಲ್ಲಿಯೇ ಇದೆ. ಬಾಗಿಲಲ್ಲಿ ನಿಂತವನು ಕೂಗಿದರೆ ಒಳಗಿನವನು, "ಇಗೋ ಬಂದೆ" ಎನ್ನುತ್ತಾನೆ. ಅವನಿನ್ನೂ ಬಂದಿಲ್ಲ, ಚಪ್ಪಲಿಯನ್ನೇ ಹುಡುಕುತ್ತಿದ್ದಾನೆ. ಆದರೂ ಅವನನ್ನು ಸುಳ್ಳನೆಂದು ಯಾರೂ ಕರೆಯುವುದಿಲ್ಲ. ಬರುವುದು ನಿಶ್ಚಯವಾದುದರಿಂದ ಅದು ಬಂದಂತೆಯೇ. ಹಾಗಿರುವಾಗ, ನಾಲ್ಕು ಗಂಟೆ ಎಂಬುದು ಮನುಷ್ಯನ ಬರವಿಗಿಂತಲೂ ನಿಶ್ಚಿತವಾದ ಸಂಗತಿ. ನಾಲ್ಕಾಯಿತು ಎಂಬ ಮಾತನ್ನು ತುಸು ಮುಂಚಿತವಾಗಿ ಆಡಿದರೆ ಅಸತ್ಯವೆಂತಾದೀತು?

ಏಳು ಪುಟ ಬರೆದೆ.

ಮಾರ್ಚ್ ೨೮, ಶುಕ್ರವಾರ

ಒಂದು ತೊಡಕು ಇದೆ. ಹೊತ್ತನ್ನು ಮುಂದಕ್ಕೆ ಹೇಳಬಹುದು. ಮಾತ್ರೆಯನ್ನು ಮುಂದಕ್ಕೆ ಕೊಡುವಂತಿಲ್ಲ. ಆದುದರಿಂದ ಮೂರೂವರೆ ಎಂದ ಮೇಲೆ ಆ ಅರ್ಧ ಗಂಟೆಯನ್ನು ನಿಜವಾದ ನಾಲ್ಕರವರೆಗೆ ಎಳೆಯಬೇಕಾಗುತ್ತದೆ.

"ಈ ಅರ್ಧ ಗಂಟೆ ಯಾಕೋ ರಬ್ಬರಿನ ಹಾಗೆ ಎಳೀತಾನೇ ಇದೆ," ಎಂದಳು.

"ನೋವುಂಡವರಿಗೆ ಹೊತ್ತು ಉದ್ದ."

"ಇರಬಹುದು. ನನ್ನ ತಲೆ ಕೆಡ್ತಾ ಇದೆ ಕಣ್ರೀ. ಬೆನ್ನು ಹೋಗ್ಲಿ, ತಲೆಯೊಂದು ಉಳೀಲಿ ಅಂತಿದ್ದೆ," ಎಂದಳು.

ಸಮಾಧಾನ ಹೇಳಿದೆ.

ಹಾಲು ತರಲು ಇಳಿದಾಗ ಅಟ್ಟಣೆಯ ಬುಡದಲ್ಲಿ ಕೆಲಸದವರ ಮೇಸ್ತ್ರಿ ಸಿಕ್ಕಿದ. ದಿನವೂ ಕಿಟಕಿಯಿಂದ ನೋಡಿ ಪರಿಚಯವಾಗಿದೆ. "ನೀವು ಮೇಷ್ಟ್ರು, ನಾನು ಮೇಸ್ತ್ರಿ. ಒಂದು ಒತ್ತಕ್ಷರ ಆಚೀಚೆ ಆಗಿದ್ರೆ ನೀವು ಮೇಲಿರ್ತಿದ್ರಿ, ನಾನು ಕೆಳಗಿರ್ತಿದ್ದೆ," ಎಂಬುದು ಅವನ ನಿತ್ಯದ ಹಾಸ್ಯ. ಗಂಟೆಗಳು ಯಾವಾಗ ಮಾತಾಡುತ್ತವೆಂದು ಕೇಳಿದೆ.

"ದೊಡ್ಡಮ್ಮನ್ನ ನೇತುಹಾಕಿರೋ ತೊಲೇನೇ ಬಿರುಕು ಬಿಟ್ಟಿದೆ, ಮೇಷ್ಟ್ರೇ. ಮೇ ತಿಂಗಳ ತನಕ ಉಸಿರೆತ್ತಲ್ಲ. ಊರಿಗೆಲ್ಲ ಬೇಜಾರು, ಎದುರು ಹೋಟೆಲಿನವನಿಗೆ ಮಾತ್ರ ಹಬ್ಬ. ಗಿರಾಕಿಗಳು ಎದ್ದು ಹೋಗೋದೇ ಮರೆತಿದಾರಂತೆ."

ಮೇ ಎಂದರೆ ದೂರ. ಆದರೆ ಅಧ್ಯಾಯಕ್ಕೆ ಅಷ್ಟು ಕಾಲ ಬೇಕೇ ಬೇಕು.

ಏಪ್ರಿಲ್ ೨, ಬುಧವಾರ

ನಿದ್ರೆಯ ಹನಿಗಳನ್ನು ರಾತ್ರಿಗೆ ಮಾತ್ರವೆಂದು ವೈದ್ಯರು ಕೊಟ್ಟಿದ್ದಾರೆ. ಅವುಗಳಲ್ಲಿ ಅರ್ಧವನ್ನು ಇಂದು ಊಟದ ಮೇಲೆ ಕೊಟ್ಟೆ, ಉಳಿದರ್ಧ ರಾತ್ರಿಗೆ. ಒಟ್ಟು ಮೊತ್ತ ಅಷ್ಟೇ ಆದುದರಿಂದ ಆಜ್ಞೆ ಮೀರಿದಂತಾಗಲಿಲ್ಲ. ಹನಿ ಕೊಡುವಾಗ ರಾತ್ರಿಯೆಂದು ಹೇಳಬೇಕಾಯಿತು, ಏಕೆಂದರೆ ಹಗಲಿನಲ್ಲಿ ಅವಳು ಒಪ್ಪುತ್ತಿರಲಿಲ್ಲ. ಸಂಜೆಯ ಮಾತ್ರೆಯನ್ನು ಜೋಂಪಿನಲ್ಲಿ ನುಂಗಿ ಮರೆತಿದ್ದಾಳೆಂದೆ, ತಲೆ ಕೆಡುತ್ತಿದೆಯೆಂದಿದ್ದವಳು ನಂಬಿದಳು. ಕಿಟಕಿಯ ಬಾಗಿಲುಗಳನ್ನು ಮುಚ್ಚಿ, ಸಂಜೆಯ ಪ್ರಾರ್ಥನೆಯನ್ನು ಓದಿದೆ. ಭಗವಂತನಿಗೆ ಸಂಜೆಯೆಂಬುದುಂಟೆ?

"ಬೇಗ ಕತ್ತಲಾಯ್ತಲ್ಲ. ಗೋಪುರದಲ್ಲಿ ಇನ್ನೂ ಸುತ್ತಿಗೆ ಸದ್ದು?"

"ರಾತ್ರಿ ಪಾಳಿ ಹಾಕಿದ್ದಾರೆ."

"ಪಾಪ, ಅವರ ಮನೆಯವರು," ಎಂದು ಕಣ್ಣು ಮುಚ್ಚಿದಳು. ನೋವಿನ ಆ ಎರಡು ಗಂಟೆಗಳನ್ನು ನಿದ್ರೆಯಲ್ಲಿಯೇ ದಾಟಿದಳು. ದೀಪ ಹಚ್ಚುವ ಹೊತ್ತಿಗೆ ಎಚ್ಚರವಾದಾಗ ಬೆಳಗಾಯಿತೆಂದು ಹೇಳಿ ಮಾತ್ರೆ ಕೊಟ್ಟೆ. ಅಳು ಇಲ್ಲ, ಪ್ರಶ್ನೆ ಇಲ್ಲ. ಇಬ್ಬರಿಗೂ ಹಿತ. ಮನೆಯಲ್ಲಿ ಇಂಥ ಶಾಂತಿ ನೆಲೆಸಿ ಎಷ್ಟು ಕಾಲವಾಗಿತ್ತೋ.

ಏಪ್ರಿಲ್ ೫, ಶನಿವಾರ

ಹತ್ತು ಪುಟ.

ಏಪ್ರಿಲ್ ೧೧, ಶುಕ್ರವಾರ

ಅರ್ಧ ಪಾಲು ಹನಿಗಳಿಗೆ ನಿದ್ರೆ ಹತ್ತುತ್ತಿಲ್ಲ. ಪೂರ್ತಿ ಕೊಡುತ್ತಿದ್ದೇನೆ. ರಾತ್ರಿಯೂ ಪೂರ್ತಿ. ತುಸು ಸೊರಗಿದಂತೆ ಕಾಣುತ್ತಾಳೆ, ಬೇಸಿಗೆಯಲ್ಲವೆ. ಮಾತು ನಿಧಾನವಾಗಿದೆ. ಅದರಿಂದ ಉಚ್ಚಾರಣೆ ಸ್ಪಷ್ಟವಾಗಿದೆಯೆಂದೇ ಹೇಳಬೇಕು.

ಒಂದು ದಿನದಲ್ಲಿ ಎರಡು ಬೆಳಗು, ಎರಡು ರಾತ್ರಿಗಳನ್ನು ಕಳೆಯುವುದರಿಂದ ಅವಳ ಲೆಕ್ಕ ನಮ್ಮೆಲ್ಲರಿಗಿಂತ ಮುಂದೆ ಹೋಗಿಬಿಟ್ಟಿದೆ. ಇಂದು ಎಚ್ಚರವಾದಾಗ ಕೇಳಿದಳು:

"ತಂಗಿ ಯಾಕೆ ಬರೋದು ನಿಲ್ಲಿಸಿದ್ಲು?"

"ಬಂದಿದ್ದಳಲ್ಲ."

"ಬಂದು ಹತ್ತು ರಾತ್ರಿ ಆಯ್ತು. ನಾನು ಎಣಿಸ್ತಾ ಇದ್ದೀನಿ. ಮುಂಚೆ ಏಳು ರಾತ್ರಿಗೊಂದು ಸಲ ತಪ್ಪದೆ ಬರ್ತಿದ್ಲು. ಹಾಸಿಗೆ ಹಿಡಿದವಳನ್ನ ಎಷ್ಟು ದಿನ ಅಂತ ನೋಡ್ತಾರೆ, ಬಿಡಿ."

"ಅಂಗಡಿಯಲ್ಲಿ ಕೆಲಸವಿರಬೇಕು," ಎಂದೆ. ಬೇರೇನು ಹೇಳಲು ಸಾಧ್ಯವಿತ್ತು? ಅವಳು ಗೋಡೆಯ ಕಡೆ ಹೊರಳಿದಳು. ನಾನು ಮೇಜಿಗೆ ಮರಳಿದೆ.

ಏಪ್ರಿಲ್ ೧೭, ಗುರುವಾರ

ನಾದಿನಿಗೆ ಹೊತ್ತುಗೊತ್ತು ತಿಳಿಯದು. ಅಂಗಡಿಯ ಬೀದಿಯಲ್ಲಿ ವಿದ್ಯುತ್ತು ಹೋಯಿತೆಂದು ಅಂಗಡಿ ಮುಚ್ಚಿ, ತನ್ನಲ್ಲಿರುವ ಕೀಲಿಯಿಂದ ಬಾಗಿಲು ತೆರೆದು ನೇರವಾಗಿ ಒಳಗೆ ಬಂದಳು. ಹನಿ ಕೊಟ್ಟು ಸ್ವಲ್ಪವೇ ಹೊತ್ತಾಗಿತ್ತು. ನನ್ನವಳಿಗೆ ಇನ್ನೂ ನಿದ್ರೆ ಹತ್ತಿರಲಿಲ್ಲ.

"ಯಾರು?"

"ನಾನೇ, ಅಕ್ಕ."

"ಈ ಹೊತ್ತಲ್ಲಿ? ರಾತ್ರಿ ಹೊತ್ತು ಒಬ್ಬಳೇ ಬಂದ್ಯಾ? ಮನೇಲಿ ಏನಾದ್ರೂ ಆಯ್ತೇನೇ?"

ನಾದಿನಿ ನನ್ನ ಮುಖ ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ. ವಿವೇಕವಿದ್ದವರಿಗೆ ಅಷ್ಟು ಸಾಕಾಗಬೇಕಿತ್ತು.

"ರಾತ್ರಿ ಎಲ್ಲಿ ಅಕ್ಕ? ಊಟ ಮಾಡಿದ ಕೈ ಇನ್ನೂ ಒಣಗಿಲ್ಲ ನಂದು. ಮಧ್ಯಾಹ್ನ ಇದು."

"ತಮಾಷೆ ಮಾಡ್ಬೇಡ್ವೇ. ಈಗ ತಾನೇ ಸಂಜೆ ಪ್ರಾರ್ಥನೆ ಓದಿದ್ರು."

ನಾದಿನಿ ಹೋಗಿ ಕಿಟಕಿಯ ಎರಡೂ ಬಾಗಿಲುಗಳನ್ನು ತಳ್ಳಿದಳು. ಬಿಸಿಲು ಮಂಚಕ್ಕೆ ಅಡ್ಡವಾಗಿ ಬಿದ್ದಿತು. ನನ್ನವಳು ತೋಳನ್ನು ಮೇಲೆತ್ತಿ, ಅಂಗಡಿಯಲ್ಲಿ ಬಟ್ಟೆಯ ನೇಯ್ಗೆ ನೋಡುವವರಂತೆ ಆ ಬಿಸಿಲಿನಲ್ಲಿ ಹಿಂದುಮುಂದಾಗಿ ತಿರುಗಿಸಿದಳು. ಬಹಳ ಹೊತ್ತು ತಿರುಗಿಸಿದಳು.

"ನೀನು ಬಂದು ಎಷ್ಟು ದಿನ ಆಯ್ತು?" ಎಂದು ತಂಗಿಯನ್ನು ಕೇಳಿದಳು.

"ಭಾನುವಾರ ಬಂದಿದ್ದೆ. ನಾಲ್ಕು ದಿನ."

ಅಷ್ಟರಲ್ಲಿ ಹನಿ ತನ್ನ ಕೆಲಸ ಮಾಡಿತು. ನಾದಿನಿ ಅಡುಗೆಮನೆಗೆ ಬಂದು, ಮಾತಾಡುವ ಗಡಿಯಾರವನ್ನು ಮಗುಚಿ ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದಳು: "ಭಾವ, ಇದರ ಬ್ಯಾಟರಿ ಎಲ್ಲಿ?"

ನೋವನ್ನು ತಪ್ಪಿಸಲು ಮಾಡಿದ ಉಪಾಯವೆಂದು, ಇಗೋ ಬಂದೆ ಎಂಬ ಪ್ರಯೋಗದಿಂದ ತೊಡಗಿ ವಿವರವಾಗಿ ಹೇಳಿದೆ. ಕೊನೆಯವರೆಗೆ ಕೇಳಿಸಿಕೊಂಡಳು.

"ಇಗೋ ಬಂದೆ ಅಂದವನು ಬರದೇ ಇದ್ರೆ ಬಾಗಿಲಲ್ಲಿ ನಿಂತವಳ ಕಥೆ ಏನು, ಭಾವ?"

ಅದು ವ್ಯಾಕರಣದ ಪ್ರಶ್ನೆಯಲ್ಲವೆಂದೆ. ಹನಿಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ತನ್ನ ಚೀಲಕ್ಕೆ ಹಾಕಿಕೊಂಡು ಹೋದಳು. ರಾತ್ರಿಯದನ್ನು ತಾನೇ ಬಂದು ಕೊಡುವಳಂತೆ.

ಏಪ್ರಿಲ್ ೧೮, ಶುಕ್ರವಾರ

ಬೆಳಗ್ಗೆ ಅವಳು ಕೇಳಿದ್ದು ಒಂದೇ ಮಾತು: "ಎಷ್ಟು ದಿನದಿಂದ?"

"ಕೆಲವೇ ದಿನಗಳಿಂದ."

"ನಿಮ್ಮ ದಿನವಾ, ನನ್ನ ದಿನವಾ?"

 

ಏಪ್ರಿಲ್ ೩೦, ಬುಧವಾರ

ಈಗ ಹೊತ್ತೆಷ್ಟೆಂದು ಕೇಳುವುದನ್ನು ಅವಳು ಬಿಟ್ಟೇಬಿಟ್ಟಿದ್ದಾಳೆ. ಹನಿಯಿಲ್ಲದೆಯೂ ಮಧ್ಯಾಹ್ನ ನಿಶ್ಶಬ್ದವಾಗಿದೆ. ಕೊನೆಗೂ ತಾಳ್ಮೆ ಬಂದಿತಲ್ಲ ಎಂದು ಭಗವಂತನನ್ನು ಕೊಂಡಾಡಿದೆ. ಕೆಳತುಟಿಯಲ್ಲಿ ಹಲ್ಲಿನ ಗುರುತುಗಳು ಕೂತಿವೆ. ನಾದಿನಿ ಬೆಣ್ಣೆ ಹಚ್ಚುತ್ತಾಳೆ.

ಗಡಿಯಾರಕ್ಕೆ ಬ್ಯಾಟರಿ ಹಾಕಿ ಅವಳ ದಿಂಬಿನ ಬಳಿ ನಾನೇ ಇಟ್ಟೆ. ಅದರ ಅಶುದ್ಧವನ್ನೂ ಸಹಿಸಲು ಸಿದ್ಧನಾದೆ. ಅವಳು ಗುಂಡಿ ಒತ್ತಲಿಲ್ಲ.

"ಬೇಡವೆ?"

"ಅದಕ್ಕೂ ನೀವು ಹೊತ್ತು ತಿರುಗಿಸಿ ಇಟ್ಟಿರಬಹುದು," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಹಾಲಿಗೆ ಸಕ್ಕರೆ ಹಾಕಿದ್ದೀರೇನೋ ಎಂಬಷ್ಟು ಸಹಜವಾಗಿ ಹೇಳಿದಳು.

ಮೇ ೯, ಶುಕ್ರವಾರ

ಪರದೆ ಕಳಚಿದರು. ಗೋಪುರ ಹೊಸದಾಗಿ ಹೊಳೆಯುತ್ತಿದೆ. ಬೆಳಗಿನಿಂದ ಚೌಕದಲ್ಲಿ ಜನಜಂಗುಳಿ, ಭಾಷಣ. ಮೇಸ್ತ್ರಿ ಕೆಳಗಿನಿಂದ ನನ್ನ ಕಿಟಕಿಯತ್ತ ನೋಡಿ, "ಕಿವಿ ತೆರೆದಿಟ್ಟುಕೊಳ್ಳಿ, ಮೇಷ್ಟ್ರೇ" ಎಂದು ಕೂಗಿದ. ಮೊದಲ ಹೊಡೆತ ನಾಲ್ಕಕ್ಕೆಂದು ಗೊತ್ತುಮಾಡಿದ್ದರು.

ಮೊದಲು ಸಣ್ಣ ಗಂಟೆಗಳು, ಆಮೇಲೆ ದೊಡ್ಡಮ್ಮ. ಕಿಟಕಿಯ ಗಾಜು ಅದುರಿತು. ನಾಲ್ಕು. ನನಗರಿಯದೆ ಕಣ್ಣು ತುಂಬಿ ಬಂದು, ಮಾತ್ರೆ ಮತ್ತು ನೀರನ್ನು ಹಿಡಿದು ಅವಳ ಕೋಣೆಗೆ ಓಡಿದೆನೆನ್ನಬೇಕು.

"ಕೇಳಿಸಿತೆ?"

"ಕೇಳಿಸ್ತು."

"ನಾಲ್ಕು. ತೆಗೆದುಕೊ."

ಅವಳು ಬಾಯಿ ತೆರೆಯಲಿಲ್ಲ. "ಇದನ್ನೂ ನೀವೇ ಹೊಡೆಸಿದ್ರಾ?" ಎಂದಳು. "ಆ ಮೇಸ್ತ್ರಿ ನಿಮಗೆ ಗುರುತಲ್ವಾ. ಬೆಳಗ್ಗೆ ಕೂಗ್ತಾ ಇದ್ದ."

ಊರೆಲ್ಲ ಕೇಳಿದ ಗಂಟೆಯೆಂದೆ. ಆಣೆಯಿಟ್ಟೆ. ಪ್ರಾರ್ಥನೆಯ ಗ್ರಂಥವನ್ನು ತಂದು ಅದರ ಮೇಲೆ ಕೈಯಿಟ್ಟೆ. ಕೈಯಿಟ್ಟದ್ದು ಅವಳಿಗೆ ಕಾಣದೆಂಬುದು ಆಮೇಲೆ ಹೊಳೆಯಿತು.

"ಇರಲಿ. ತಂಗಿ ಬರಲಿ," ಎಂದಳು. ಬೆವರಿನಿಂದ ದಿಂಬು ಒದ್ದೆಯಾಗಿತ್ತು. ನಾದಿನಿ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ದೊಡ್ಡಮ್ಮ ಇನ್ನೂ ಮೂರು ಸಲ ಹೊಡೆದಿದ್ದಳು. ಪ್ರತಿ ಸಲವೂ ಅವಳ ಮುಖ ನೋಡಿದೆ. ಬೀದಿಯಲ್ಲಿ ಯಾರೋ ಕೂಗಿದರೆ ಹೇಗೋ ಹಾಗೆ, ಅದು ತನ್ನನ್ನು ಕರೆದುದಲ್ಲವೆಂಬಂತೆ ಮಲಗಿದ್ದಳು.

ಮೇ ೧೧, ಭಾನುವಾರ

ನಾದಿನಿ ಅಕ್ಕನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಇಬ್ಬರು ಆಳುಗಳು ಮಡಿಸುವ ಮಂಚದ ಮೇಲೆ ಮಲಗಿಸಿ ಇಳಿಸಿದರು. ಮೆಟ್ಟಿಲಿನ ತಿರುವಿನಲ್ಲಿ ಒಬ್ಬ, "ಅಜ್ಜಿ ಹೂವಿನಷ್ಟು ಹಗುರ" ಎಂದ. ನನ್ನವಳು, "ಬಾಯಿ ತೆರೆದರೆ ಗೊತ್ತಾಗುತ್ತೆ ಭಾರ" ಎಂದಳು, ಅವರು ನಕ್ಕರು. ಅವಳು ಹಾಗೆ ಮಾತಾಡಿದುದನ್ನು ಕೇಳಿ ಎಷ್ಟು ದಿನಗಳಾಗಿದ್ದವು.

ಹೊರಡುವ ಮುನ್ನ ತಂಗಿಯನ್ನು ಕೇಳಿದ್ದು ಇಷ್ಟೆ: "ನಿಮ್ಮನೆಗೆ ಈ ಗಂಟೆ ಕೇಳಿಸುತ್ತಾ?"

"ಇಲ್ಲ ಅಕ್ಕ. ರೈಲಿನ ಸದ್ದು ಕೇಳಿಸುತ್ತೆ."

"ಸರಿ, ನಡಿ."

ನನಗೆ, "ಹೊತ್ತುಹೊತ್ತಿಗೆ ಊಟ ಮಾಡಿ" ಎಂದಳು. ಅದರಲ್ಲಿ ಇರಿತವಿತ್ತೇ ಎಂದು ಹುಡುಕಿದೆ. ಇರಲಿಲ್ಲ.

ಮೇ ೧೩, ಮಂಗಳವಾರ

ಅಧ್ಯಾಯ ಮುಗಿಯಿತು.

ಮೇ ೧೬, ಶುಕ್ರವಾರ

ಓದಿದೆ. ಎಲ್ಲಿಯೂ ದೋಷ ಕಾಣುವುದಿಲ್ಲ. ಓದಿ ಹೇಳಲು ಮನೆಯಲ್ಲಿ ಯಾರೂ ಇಲ್ಲ.

ಮೇ ೨೫, ಭಾನುವಾರ

ನಾದಿನಿಯ ಮನೆಗೆ ಹೋಗಿದ್ದೆ. ಹೊಲಿಗೆಯ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ ಹಾಸಿಗೆ. ಕೆನ್ನೆ ತುಸು ತುಂಬಿದೆ. ತುಟಿಯ ಗಾಯ ಒಣಗಿದೆ. ಕಾಯಿಲೆ ಮಾತ್ರ ಮೇಲೇರುತ್ತಿದೆಯೆಂದೂ ಮಳೆಗಾಲವನ್ನು ದಾಟುವುದು ಸಂದೇಹವೆಂದೂ ವೈದ್ಯರು ಹೇಳಿದ್ದಾರಂತೆ. ಇದನ್ನು ನಾದಿನಿ ಬಾಗಿಲಲ್ಲಿಯೇ ಹೇಳಿದಳು.

ನನ್ನವಳು ನನ್ನ ಹೆಜ್ಜೆಯ ಸದ್ದನ್ನು ಗುರುತಿಸಿ, "ಬಂದ್ರಾ, ಕೂತ್ಕೊಳ್ಳಿ" ಎಂದಳು. ನೆರೆಮನೆಯ ವಿಷಯ ಕೇಳಿದಳು, ಬರವಣಿಗೆಯ ವಿಷಯ ಕೇಳಿದಳು. ಅಧ್ಯಾಯ ಮುಗಿಯಿತೆಂದೆ. "ಒಳ್ಳೇದಾಯ್ತು" ಎಂದಳು. ಮನಸಾರೆ ಹೇಳಿದಳು. ಆಮೇಲೆ ನೋವು ಬಂದಿತು. ಅದು ಬರುವುದನ್ನು ನಾನು ಅವಳ ಬೆರಳುಗಳಲ್ಲಿ ಕಂಡೆ. ಏನನ್ನೂ ಕೇಳದೆ ಮಲಗಿದ್ದಳು. ನಾನು ಕೈಗಡಿಯಾರವನ್ನೇ ನೋಡುತ್ತ ಕುಳಿತೆ. ಮುಳ್ಳು ಸರಿಯಾಗಿ ಆ ಅಂಕೆಯ ಮೇಲೆ ಬಂದು ನಿಲ್ಲುವವರೆಗೆ ಉಸಿರು ಹಿಡಿದು, ಒಂದು ಕ್ಷಣ ಹಿಂದೂ ಆಗದಂತೆ, ಮುಂದೂ ಆಗದಂತೆ ಹೇಳಿದೆ:

"ನಾಲ್ಕಾಯಿತು."

ಮಾತ್ರೆಯನ್ನು ಅವಳ ತುಟಿಯ ಬಳಿ ಹಿಡಿದೆ. ಅವಳು ಮುಖವನ್ನು ಹೊಲಿಗೆಯ ಕೋಣೆಯ ಕಡೆಗೆ ತಿರುಗಿಸಿದಳು.

"ಹೌದೇನೇ?"

ಯಂತ್ರದ ಸದ್ದು ನಿಂತಿತು. ನಾದಿನಿ ಗೋಡೆಯ ಗಡಿಯಾರದ ಕಡೆ ನೋಡಿದಳು.

"ಹೌದು, ಅಕ್ಕ."

ಆಗ ಬಾಯಿ ತೆರೆದಳು.